ಯಾರ ಬರವನ್ನು ಅಳೆಯುತ್ತಿದ್ದೀರಿ?

ಕುಷ್ಟಗಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಭಾಗದ ಬರದ ಬಗ್ಗೆ ಎಂ.ಎಸ್ಸಿ. ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ವಾಡಿಕೆಯಷ್ಟು ಮಳೆಯಾದ ವರ್ಷವೂ ನಮ್ಮ ಸಜ್ಜೆ ಒಣಗಿದ್ದುಂಟು. ಮಳೆಯ ಶೇಕಡಾವಾರು ಕೊರತೆ, ಎಸ್‌ಪಿಐ (ಪ್ರಮಾಣಿತ ಮಳೆ ಸೂಚ್ಯಂಕ), ಉಪಗ್ರಹ ಚಿತ್ರ, ಇವುಗಳಲ್ಲಿ ಯಾವುದನ್ನು ನಂಬಲಿ?’

ಸಂಪಾದಕರ ಉತ್ತರ:

ವಿಧಾನದ ಆಯ್ಕೆ ಆಮೇಲೆ. ಯಾರ ಬರವನ್ನು ಅಳೆಯುತ್ತಿದ್ದೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಸಜ್ಜೆ ಬಿತ್ತಿದವರ ಬರವೇ ಬೇರೆ, ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಿಂಗಾರಿ ಜೋಳ ಹಾಕುವವರದೇ ಬೇರೆ, ಗಂಗಾವತಿಯ ಭತ್ತದವರದು ಇನ್ನೂ ಬೇರೆ.

ನಿಮ್ಮ ಸಜ್ಜೆಯನ್ನೇ ನೋಡೋಣ. ಜುಲೈ ತಿಂಗಳ ವಾಡಿಕೆ ಮಳೆ 80 ಮಿ.ಮೀ. ಎಂದಿಟ್ಟುಕೊಳ್ಳಿ. ಮೊದಲ ಎರಡೇ ದಿನದಲ್ಲಿ 75 ಮಿ.ಮೀ. ಸುರಿದು, ಆಮೇಲೆ ತಿಂಗಳಿಡೀ ಹನಿ ಬೀಳಲಿಲ್ಲ. ಕೊರತೆ ಶೇ 6ರಷ್ಟು. ಶೇ 19ರವರೆಗಿನ ಏರುಪೇರನ್ನು ಹವಾಮಾನ ಇಲಾಖೆ ವಾಡಿಕೆ ಎಂದೇ ಪರಿಗಣಿಸುತ್ತದೆ. ಹೊಲದಲ್ಲಿ ಮಾತ್ರ ಆ ನೀರು ಹಳ್ಳ ಸೇರಿದೆ, ಮೇಲ್ಮಣ್ಣು ಹೆಪ್ಪುಗಟ್ಟಿದೆ, ಮಧ್ಯಾಹ್ನದ ಹೊತ್ತಿಗೆ ಸಜ್ಜೆಯ ಗರಿ ಸುರುಳಿ ಸುತ್ತುತ್ತಿದೆ. ಇದನ್ನು ಹಿಡಿಯುವುದು ವಾರವಾರದ ಲೆಕ್ಕ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲೂ ಸತತ ಮೂರು-ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾಗುವ ‘ಡ್ರೈ ಸ್ಪೆಲ್’ಗೆ ಜಾಗವಿದೆ. ನಿಮ್ಮ ಪ್ರಬಂಧದ ಬೆನ್ನೆಲುಬು ಅದೇ ಆಗಲಿ.

ಎಸ್‌ಪಿಐ ಬಿಡಬೇಡಿ. 1993ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರೂಪುಗೊಂಡ ಈ ಸೂಚ್ಯಂಕ ಈಗಿನ ಮಳೆಯನ್ನು ಅದೇ ಜಾಗದ ಹಳೆಯ ದಾಖಲೆಗೆ ಹೋಲಿಸುತ್ತದೆ; ಸೊನ್ನೆ ಎಂದರೆ ವಾಡಿಕೆ. ಅದರಿಂದ ದೊಡ್ಡ ಉಪಕಾರವೆಂದರೆ, ಮಲೆನಾಡು ಮತ್ತು ಬಯಲುಸೀಮೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು. ಮೈನಸ್ 1ಕ್ಕೆ ಇಳಿದರೆ ಸಾಧಾರಣ ಬರ, ಮೈನಸ್ 1.5ಕ್ಕೆ ತೀವ್ರ, ಮೈನಸ್ 2ಕ್ಕೆ ಅತಿ ತೀವ್ರ. ಮುಂಗಾರಿನ ಬೆಳೆಗೆ ಮೂರು ತಿಂಗಳ ಎಸ್‌ಪಿಐ ನೋಡಿ. ಬೋರ್‌ವೆಲ್‌ಗಳ ಸ್ಥಿತಿ ತಿಳಿಯಲು ಹನ್ನೆರಡು ತಿಂಗಳದು. ಆದರೆ ಜನವರಿ, ಫೆಬ್ರುವರಿಯಲ್ಲಿ ನಮ್ಮಲ್ಲಿ ಮಳೆಯೇ ಇಲ್ಲದ ವರ್ಷಗಳು ಹೆಚ್ಚು. ಆ ತಿಂಗಳುಗಳಿಗೆ ಒಂದು ತಿಂಗಳ ಎಸ್‌ಪಿಐ ತೆಗೆದರೆ ಸಿಗುವ ಅಂಕಿಗೆ ಅರ್ಥವಿಲ್ಲ. ಬಿಸಿಲಿನ ಪಾಲೂ ಲೆಕ್ಕಕ್ಕೆ ಬರಬೇಕೆಂದರೆ ಉಷ್ಣಾಂಶದ ದಾಖಲೆ ಸೇರಿಸಿ ಎಸ್‌ಪಿಇಐ (ಮಳೆಯ ಜೊತೆಗೆ ಆವಿಯಾಗುವ ನೀರನ್ನೂ ಲೆಕ್ಕ ಹಿಡಿಯುವ ಸೂಚ್ಯಂಕ) ಮಾಡಿ. ನಮ್ಮ ಕಡೆಯ ಬಿಸಿಲಿಗೆ ಆ ಶ್ರಮ ಸಾರ್ಥಕ ಎಂಬುದು ನನ್ನ ಅಭಿಪ್ರಾಯ.

ಎರೆ ಹೊಲದ ಜೋಳ ಬೆಳೆಯುವುದು ಮಣ್ಣು ಹಿಡಿದಿಟ್ಟ ತೇವದಲ್ಲಿ. ಸೆಪ್ಟೆಂಬರ್-ಅಕ್ಟೋಬರ್‌ನ ಉತ್ತರಿ, ಹಸ್ತ ಮಳೆಗಳು ಕೈಕೊಟ್ಟವೇ ಎಂದು ನೋಡದೆ ಜೂನ್-ಜುಲೈ ಕೊರತೆಯನ್ನಷ್ಟೇ ಹಿಡಿದು ಆ ರೈತರ ಬರ ಹೇಳಲಾಗದು. ಗಂಗಾವತಿಯ ಭತ್ತಕ್ಕಂತೂ ಊರಿನ ಮಳೆಮಾಪಕ ಸಾಲುವುದೇ ಇಲ್ಲ. ತುಂಗಭದ್ರಾ ಜಲಾಶಯ ತುಂಬುವುದು ಮಲೆನಾಡಿನ ಮಳೆಯಿಂದ. ಅಲ್ಲಿ ಒಳಹರಿವನ್ನೂ ಕಾಲುವೆಗೆ ನೀರು ಬಿಟ್ಟ ದಿನಗಳನ್ನೂ ನೋಡಬೇಕು.

ಉಪಗ್ರಹ ಚಿತ್ರದ ಬಗ್ಗೆ ಒಂದು ಎಚ್ಚರಿಕೆ. ಅದು ಗುರುತಿಸುವುದು ಹಸಿರನ್ನು. ಆ ಹಸಿರು ಬೆಳೆಯದೇ ಎಂದು ತಾನಾಗಿ ಹೇಳುವುದಿಲ್ಲ. ಬದುವಿನ ಮೇಲಿನ ಬಳ್ಳಾರಿ ಜಾಲಿ ಎಂಥ ಬರದಲ್ಲೂ ಹಸಿರಾಗಿರುತ್ತದೆ. ಅದಕ್ಕಾಗಿ ಬೆಳೆ ಇರುವ ಸರ್ವೆ ನಂಬರುಗಳನ್ನು ಬೇರ್ಪಡಿಸಿಕೊಂಡು, ಕೆಲವಕ್ಕಾದರೂ ಕಾಲಿಟ್ಟು ನೋಡಿ ಬನ್ನಿ.

ಎಸ್‌ಪಿಐಗೆ ಕನಿಷ್ಠ 30 ವರ್ಷಗಳ ದಾಖಲೆ ಬೇಕು. ಗ್ರಾಮ ಪಂಚಾಯಿತಿಗಳ ಸ್ವಯಂಚಾಲಿತ ಮಳೆಮಾಪಕಗಳಿಗೆ ಅಷ್ಟು ವಯಸ್ಸಾಗಿಲ್ಲ. ಹೀಗಾಗಿ ಎಸ್‌ಪಿಐಗೆ ತಾಲ್ಲೂಕಿನ ಹಳೆಯ ಮಳೆಮಾಪಕ, ಡ್ರೈ ಸ್ಪೆಲ್‌ಗೆ ಪಂಚಾಯಿತಿಯ ಹೊಸದು, ಎರಡನ್ನೂ ಬಳಸಿ.