ಐರಿಷ್ ಕುಣಿತಕ್ಕೆ ಪಿಯಾನೋ ನುಡಿಸುವವರಿಗೆ ಗಂಟೆಗಟ್ಟಲೆ ಬರೀ ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರ) ಹೊಡೆದು ಬೇಸರ ಆಗಲ್ವಾ?

ನನಗೆ ಇದುವರೆಗೂ ಆಗಿಲ್ಲ. ನಾನು ಬೆಂಗಳೂರಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತವಳು. ಕೆಲಸಕ್ಕೆಂದು ಐರ್ಲೆಂಡಿಗೆ ಬಂದೆ. ಈಗ ಶನಿವಾರ ರಾತ್ರಿ ಕ್ಲೇರ್ ಕೌಂಟಿಯ ಕೇಲಿಗಳಲ್ಲಿ ನುಡಿಸುತ್ತೇನೆ. ಕೇಲಿ ಅಂದರೆ ಊರವರೆಲ್ಲ ಸೇರಿ ಕುಣಿಯುವ ಕೂಟ.

ಎಡಗೈಯಲ್ಲಿ ಬೇಸ್, ಅಂದರೆ ತಗ್ಗಿನ ಸ್ವರ; ಎರಡು ಪೆಟ್ಟಿನ ನಡುವೆ ಬಲಗೈಯಲ್ಲಿ ಕಾರ್ಡ್. ಇದಕ್ಕೆ ವ್ಯಾಂಪಿಂಗ್ ಅನ್ನುತ್ತಾರೆ. ಟ್ಯೂನ್ ಪಿಟೀಲು, ಕೊಳಲು, ಅಕಾರ್ಡಿಯನ್‌ನವರದು. ನನ್ನ ಕಣ್ಣು ಮಾತ್ರ ಕುಣಿಯುವವರ ಕಾಲ ಮೇಲೆ. ಯಕ್ಷಗಾನದಲ್ಲಿ ಮದ್ದಳೆಯವರು ವೇಷದವರ ಹೆಜ್ಜೆ ನೋಡ್ತಾರಲ್ಲ, ಹಾಗೆ. ನಾಲ್ಕು ಜೋಡಿ ಚೌಕವಾಗಿ ನಿಂತು ರೀಲ್ ಅನ್ನುವ ವೇಗದ ಟ್ಯೂನ್‌ಗೆ ಕುಣಿಯುವಾಗ ಕ್ಲೇರ್‌ನವರು ಹಿಮ್ಮಡಿಯಿಂದ ನೆಲ ಕುಟ್ಟುತ್ತಾರೆ. ಆ ಸದ್ದು ನನ್ನ ಎಡಗೈ ಜೊತೆ ಕೂಡಿದಾಗ ಆಗುವ ಖುಷಿ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ.

ಹಿಂದೆ ಕುಣಿತ ಹೆಚ್ಚಾಗಿ ಮನೆಗಳ ಅಡುಗೆಕೋಣೆಯಲ್ಲಿ ನಡೆಯುತ್ತಿತ್ತು. 1935ರ ಕಾನೂನು ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂದಿತು. ಕುಣಿತ ಹಾಲ್‌ಗಳಿಗೆ ಹೋಯಿತು. ಅಷ್ಟು ಜನರ ಗದ್ದಲದಲ್ಲಿ ಒಂದು ಪಿಟೀಲು ಎಲ್ಲಿ ಕೇಳಬೇಕು? ದೊಡ್ಡ ಕೇಲಿ ಬ್ಯಾಂಡ್‌ಗಳು ಬೆಳೆದವು. ಪಿಯಾನೋ, ಡ್ರಮ್ ಅವುಗಳ ಬೆನ್ನೆಲುಬಾದವು. 1909ರಲ್ಲೇ ಶುರುವಾದ ಕಿಲ್‌ಫೆನೋರಾ ಬ್ಯಾಂಡ್ ಈಗಲೂ ಇದೆ.

ಕಷ್ಟ ಇರುವುದು ಕಾರ್ಡ್ ಆರಿಸುವುದರಲ್ಲಿ. ಎಷ್ಟೋ ಟ್ಯೂನ್‌ಗಳು ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳಾದ ಮೇಜರ್ ಅಲ್ಲ, ಮೈನರ್ರೂ ಅಲ್ಲ. ಒಂದೇ ಸ್ವರ ಒಂದು ಕಡೆ ಏರಿ, ಇನ್ನೊಂದು ಕಡೆ ಇಳಿದು ಬರುತ್ತದೆ. ಮೊದಲ ಸಲ ನಾನು ಓದಿದ್ದನ್ನೆಲ್ಲ ಸುರಿದು ತುಂಬು ಕಾರ್ಡ್‌ಗಳನ್ನು ನುಡಿಸಿದೆ. ಪಿಟೀಲಿನ ಹಿರಿಯರೊಬ್ಬರು ಬಿಡುವಿನಲ್ಲಿ ಹತ್ತಿರ ಬಂದು, "ಟ್ಯೂನ್‌ಗೆ ಉಸಿರಾಡೋಕೆ ಜಾಗ ಬಿಡಮ್ಮ" ಅಂದರು. ಅಂದಿನಿಂದ ಅನುಮಾನ ಬಂದ ಕಡೆ ಕಾರ್ಡ್‌ನಿಂದ ಗಾಂಧಾರ ಬಿಟ್ಟುಬಿಡುತ್ತೇನೆ; ಮೇಜರ್ರೋ ಮೈನರ್ರೋ ಅಂತ ಹೇಳುವುದು ಅದೇ. ಷಡ್ಜ, ಪಂಚಮ ಸಾಕು. ಟ್ಯೂನ್ ಎರಡು ಮೂರು ಸಲ ಆದಮೇಲೆ ನಿಲ್ಲದೆ ಇನ್ನೊಂದಕ್ಕೆ ಹಾರುತ್ತಾರೆ, ಶ್ರುತಿಯೂ ಬದಲಾಗುತ್ತದೆ. ಆಗ ಪಿಟೀಲಿನವರ ಬೆರಳು ನೋಡಿ ಹಿಡಿಯಬೇಕು.

ಕುಣಿತದ ಸ್ಪರ್ಧೆಗಳಲ್ಲಿ ನುಡಿಸುವವರ ಬದುಕು ಬೇರೆ. ಬೆಳಗಿಂದ ಸಂಜೆವರೆಗೆ ಮಕ್ಕಳು ಬರುತ್ತಲೇ ಇರುತ್ತಾರೆ. ಎಲ್ಲರಿಗೂ ವೇಗ ಒಂದೇ ಇರಬೇಕು. ಗಟ್ಟಿ ಶೂ ಹಾಕಿ ಕುಣಿಯುವ ನಿಧಾನದ ಟ್ರೆಬಲ್ ಜಿಗ್‌ಗೆ ನಿಮಿಷಕ್ಕೆ 73 ಬೀಟ್. ನಿಧಾನವಾದಷ್ಟೂ ಕಾಲಿಗೆ ಜಾಸ್ತಿ ಪೆಟ್ಟು ತುಂಬಲು ಜಾಗ. ಅಲ್ಲಿ ಪಿಯಾನೋ ಒಂದು ಚೂರು ಓಡಿದರೂ ಮಗುವಿನ ತಿಂಗಳುಗಳ ಅಭ್ಯಾಸ ಹಾಳು. ನನಗೆ ಈಗಲೂ ಅದು ಹೆದರಿಕೆಯ ಕೆಲಸ.

ಟ್ಯೂನ್ ಅರಿತು ನುಡಿಸುವ ಪಿಯಾನೋಗೂ ಅರಿಯದೆ ನುಡಿಸುವುದಕ್ಕೂ ಇರುವ ವ್ಯತ್ಯಾಸ ಕಿವಿಯಲ್ಲೇ ತಿಳಿಯಬೇಕಾ? ಐರ್ಲೆಂಡಿನ ಸ್ಲೈಗೋದ ಪಿಟೀಲುಗಾರ ಮೈಕಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ರೆಕಾರ್ಡುಗಳನ್ನು ಕೇಳಿ. ಪಿಟೀಲು ಅದ್ಭುತ. ಕೆಲವದರಲ್ಲಿ ಪಿಯಾನೋದವರಿಗೆ ಟ್ಯೂನೇ ಗೊತ್ತಿಲ್ಲ, ತಡಕಾಡುತ್ತಾರೆ. ಆಮೇಲೆ ಕೋಲ್ಮನ್ ನೆನಪಿಗೆ 1966ರಲ್ಲಿ ಅಕಾರ್ಡಿಯನ್‌ನ ಜೋ ಬರ್ಕ್, ಪಿಟೀಲಿನ ಆಂಡಿ ಮೆಕ್‌ಗ್ಯಾನ್ ಮಾಡಿದ ರೆಕಾರ್ಡ್ ಹಾಕಿ. ಪಿಯಾನೋ ಫೀಲಿಕ್ಸ್ ಡೋಲನ್ ಅವರದು. ಒಂದು ಸಲ ಅವರ ಎಡಗೈಯನ್ನಷ್ಟೇ ಕೇಳಿ.