ಹತ್ತು ವರ್ಷ ತುಂಬಲಿ ಅಂತ ಕಾಯಬೇಡಿ, ನಾನು ಕಾದಿದ್ದೆ

ಏಳು ವರ್ಷದ ಮಗನನ್ನು ಹತ್ತು ತುಂಬುವವರೆಗೂ ಒಲೆ ಹತ್ತಿರ ಬಿಡಲ್ಲ, ಬೆಂಕಿ ಬೇಡದ ತಿಂಡಿಗಳನ್ನಷ್ಟೇ ಮಾಡಿಸುತ್ತೇನೆ, ಅಂಥ ನಾಲ್ಕು ತಿಂಡಿ ಹೇಳಿ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಧಸಕ್ಕೆಂದಿತು. ನನ್ನ ಮಗಳ ವಿಷಯದಲ್ಲಿ ನಾನು ಹಾಕಿದ್ದೂ ಇದೇ ಲೆಕ್ಕ.

ನಮ್ಮದು ದಾವಣಗೆರೆ. ಹೆಂಡತಿಗೆ ಶಿಫ್ಟ್ ಡ್ಯೂಟಿ, ಹಾಗಾಗಿ ಸಂಜೆಯ ತಿಂಡಿ ನನ್ನ ಪಾಲಿಗೆ. ಈ ಊರಲ್ಲಿ ಸಂಜೆ ಅಂದರೆ ಮಂಡಕ್ಕಿ. ಐದು ವರ್ಷದವಳಿದ್ದಾಗಿನಿಂದ ಮಗಳು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮಂಡಕ್ಕಿ ನೆನೆಸುವ ಕೆಲಸ ಅವಳದು. ನೀರಿಗೆ ಹಾಕಿ, ಒಂದು ಸಲ ಮುಳುಗಿಸಿ, ತಕ್ಷಣ ಎತ್ತಿ ಹಿಂಡಬೇಕು. ಇನ್ನೊಂದು ಗಳಿಗೆ ಬಿಟ್ಟರೆ ಮುದ್ದೆಯಾಗುತ್ತದೆ. ಅವಳ ಕೈಗೆ ಆ ಹದ ನನಗಿಂತ ಚೆನ್ನಾಗಿ ಕೂತಿತ್ತು. ಕೊನೆಗೆ ಪುಟಾಣಿ ಪುಡಿ ಉದುರಿಸುವುದೂ ಅವಳೇ. ಒಗ್ಗರಣೆ ಮಾತ್ರ ನಾನು. ಒಲೆ ಕಡೆ ಕೈ ಚಾಚಿದರೆ "ಗ್ಯಾಸ್ ಮುಟ್ಟಬೇಡ" ಅನ್ನುತ್ತಿದ್ದೆ, ಅಷ್ಟೇ. ಸಾಲದ್ದಕ್ಕೆ ಲೈಟರನ್ನು ಅವಳ ಕೈಗೆ ಸಿಗದಂತೆ ಮೇಲಿನ ಶೆಲ್ಫಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ ಇಡುತ್ತಿದ್ದೆ.

2019ರ ಏಪ್ರಿಲ್, ಬೇಸಿಗೆ ರಜೆ. ಅವಳಿಗೆ ಹತ್ತು ವರ್ಷ. ಕೊತ್ತಂಬರಿ ತರೋಣ ಅಂತ ಅಂಗಡಿಗೆ ಹೋದೆ, ಹತ್ತು ನಿಮಿಷದ ಮಾತು. ಅಪ್ಪಾಜಿ ಬರುವಷ್ಟರಲ್ಲಿ ತಾನೇ ಒಗ್ಗರಣೆ ಹಾಕಿಬಿಡಬೇಕು ಅಂತ ಅವಳಿಗೆ ಆಸೆಯಾಗಿದೆ. ಬಾಣಲಿ ಇಟ್ಟು, ಎಣ್ಣೆ ಹಾಕಿ, ನಾಬ್ ತಿರುಗಿಸಿದ್ದಾಳೆ. ಆಮೇಲೆ ಲೈಟರ್ ಹುಡುಕಿದ್ದಾಳೆ. ಮೇಲಿದೆ ಅಂತ ಗೊತ್ತಾಗಿ ಹಾಲ್‌ನಿಂದ ಕುರ್ಚಿ ಎಳೆದು ತಂದು, ಹತ್ತಿ, ಜಾಡಿ ಸರಿಸಿ, ಇಳಿದು ಬಂದು ಕ್ಲಿಕ್ ಮಾಡಿದ್ದಾಳೆ. ಅಷ್ಟೂ ಹೊತ್ತು ಗ್ಯಾಸ್ ಬರುತ್ತಲೇ ಇತ್ತು.

ಭುಗ್ ಅಂತ ಹತ್ತಿಕೊಂಡಿತು. ಹುಬ್ಬು, ರೆಪ್ಪೆ, ಮುಂಗೂದಲು ಸುಟ್ಟವು, ಬಲ ಮುಂಗೈ ಬೊಬ್ಬೆ ಎದ್ದಿತು. ಮೈಮೇಲಿದ್ದದ್ದು ಹತ್ತಿಯ ಫ್ರಾಕು, ಅದೊಂದು ಪುಣ್ಯ; ನೈಲಾನ್ ಆಗಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು. ನಾನು ಬಂದಾಗ ಅಕ್ಕಪಕ್ಕದವರು ಸೇರಿದ್ದರು. ಕಟ್ಟೆಯ ಮೇಲೆ ತಟ್ಟೆ ತುಂಬ ಹಿಂಡಿಟ್ಟ ಮಂಡಕ್ಕಿ, ಒಂದೊಂದು ಹಿಡಿಯ ಮೇಲೂ ಅವಳ ಬೆರಳಿನ ಅಚ್ಚು.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಬಹಳ ಜನ "ಒಬ್ಬಳನ್ನೇ ಬಿಟ್ಟು ಹೋದದ್ದೇ ತಪ್ಪು" ಅಂದರು. ಹತ್ತು ವರ್ಷದ ಮಗು ಹತ್ತು ನಿಮಿಷ ಮನೆಯಲ್ಲಿ ಒಂದೇ ಇರುವುದು ಇಲ್ಲಿ ಯಾವ ಮನೆಯಲ್ಲಿ ಇಲ್ಲ? ತಪ್ಪು ಆ ಲೈಟರ್ ಬಚ್ಚಿಟ್ಟದ್ದು. ನಾಬ್ ಅವಳ ಕೈಗೆ ಎಟುಕುತ್ತಿತ್ತು, ಲೈಟರ್ ಎಟುಕುತ್ತಿರಲಿಲ್ಲ. ಮೊದಲು ಲೈಟರ್ ಕೈಗೆ ತಗೊಂಡು ಬರ್ನರ್ ಹತ್ತಿರ ಹಿಡಿಯಬೇಕು, ಆಮೇಲೆ ನಾಬ್, ತಕ್ಷಣ ಕಿಡಿ: ಈ ಕ್ರಮ ನಾನು ಕಲಿಸಿರಲಿಲ್ಲ, ಮೇಲಾಗಿ ಆ ಕ್ರಮವನ್ನೇ ತಲೆಕೆಳಗು ಮಾಡುವ ಏರ್ಪಾಡನ್ನು ನನ್ನ ಕೈಯಾರೆ ಮಾಡಿಟ್ಟಿದ್ದೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ಮೇಲೆ ಹಾರಿಹೋಗುವುದಿಲ್ಲ. ಕಟ್ಟೆ, ನೆಲದ ಮೇಲೆ ಹರಡಿ ಕೂರುತ್ತದೆ. ಮಗುವಿನ ಮುಖ ಕಟ್ಟೆಗೆ ಎಷ್ಟು ಹತ್ತಿರ ಅಂತ ಯೋಚಿಸಿ. ವಾಸನೆ ಬರಲಿಲ್ವಾ ಅಂತ ಕೇಳಿದೆ. "ಬಂತು ಅಪ್ಪಾಜಿ, ವಾಸನೆ ಬಂದ್ರೆ ಗ್ಯಾಸ್ ಸರಿಯಾಗಿ ಬರ್ತಿದೆ ಅಂತ ಅಂದ್ಕೊಂಡೆ" ಅಂದಳು. ಆ ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ, ಸೋರಿದರೆ ಗೊತ್ತಾಗಲಿ ಅಂತಲೇ ಗಬ್ಬು ನಾರುವ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ. ಐದು ವರ್ಷ ಜೊತೆಗೆ ನಿಲ್ಲಿಸಿಕೊಂಡವನು ಅದನ್ನು ಹೇಳಿರಲಿಲ್ಲ.

ಇನ್ನೊಂದು ಮಾತು. ಯಾರೋ ಮುಂಗೈಗೆ ಟೂತ್‌ಪೇಸ್ಟ್ ಮೆತ್ತಿದ್ದರು. ಡಾಕ್ಟರು ಅದನ್ನು ಒರೆಸಿ ತೆಗೆಯುವಾಗ ಅವಳು ಕಿರುಚಿದಷ್ಟು ಸುಟ್ಟಾಗಲೂ ಕಿರುಚಿರಲಿಕ್ಕಿಲ್ಲ. ಸುಟ್ಟರೆ ನಲ್ಲಿಯ ತಣ್ಣೀರು, 20 ನಿಮಿಷ, ಬಿಡದೆ. ಬೆಣ್ಣೆ, ಅರಿಶಿನ, ಇಂಕು, ಐಸು ಯಾವುದೂ ಬೇಡ.

ಗಾಯ ತಿಂಗಳಲ್ಲಿ ಒಣಗಿತು. ಆದರೆ ಎರಡು ವರ್ಷ ಅವಳು ಅಡುಗೆಮನೆ ಹೊಸ್ತಿಲು ದಾಟಲಿಲ್ಲ. ನಾನು ಲೈಟರ್ ಒತ್ತಿದ ಸದ್ದಿಗೇ ಎದ್ದು ಹೊರಗೆ ಹೋಗುತ್ತಿದ್ದಳು. ಕೊನೆಗೆ ದಾರಿ ಮಾಡಿದ್ದು ನಮ್ಮವ್ವ. ಜಗಳೂರಿನಿಂದ ಬಂದು ನಮ್ಮಲ್ಲಿ ಉಳಿದಾಗ ಒಂದು ದಿನ ಜೋಳದ ಹಿಟ್ಟು ನಾದಿ, ಹಾಲ್‌ನಲ್ಲೇ ಹಲಗೆ ಹಾಕಿಕೊಂಡು ಕೂತು, "ಬಾರವ್ವ, ನನ್ನ ಕೈ ಸೋತಾವು, ಒಂದು ಬಡಿ" ಅಂದಳು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿನೀರು ಹಾಕಿ ನಾದಿದರಷ್ಟೇ ಕೂಡಿಕೊಳ್ಳುತ್ತದೆ. ಆದರೂ ಅಂಚು ಸೀಳುತ್ತದೆ. ಸೀಳಿದ ಅಂಚನ್ನು ಎಡಗೈಯಲ್ಲಿ ಒತ್ತಿಕೊಳ್ಳುತ್ತಾ ಬಲಗೈಯಲ್ಲಿ ಬಡಿಯುತ್ತಾ ಮಗಳು ಅಂಗೈ ಅಗಲದ ರೊಟ್ಟಿ ಮಾಡಿದಳು. ಹೀಗೆ ಮೂರು ವಾರ. ಆಮೇಲೆ ಒಂದು ದಿನ, ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದಕ್ಕೆ ಬಟ್ಟೆ ಹಿಡಿದು ಅವಳೇ ಒಳಗೆ ಬಂದಳು. ಅವ್ವ ಏನೂ ಆಗಿಲ್ಲ ಅನ್ನುವ ಹಾಗೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಹಾಗಾಗಿ ಹತ್ತು ವರ್ಷ ಅನ್ನುವ ನಿಮ್ಮ ಗೆರೆಯನ್ನು ನಾನು ಒಪ್ಪುವುದಿಲ್ಲ. ಹತ್ತಕ್ಕೆ ಅವನು ನಿಮ್ಮನ್ನು ಕೇಳದೆಯೇ ಹಚ್ಚುತ್ತಾನೆ. ಏಳಕ್ಕೆ ಇನ್ನೂ ಕೇಳುತ್ತಿದ್ದಾನೆ, ಈಗಲೇ ಕಲಿಸಿ. ನನ್ನ ಎರಡನೆಯವನಿಗೂ ಈಗ ಏಳು. ಅವನಿಗೆ ಹಚ್ಚುವುದಕ್ಕಿಂತ ಮೊದಲು ಆರಿಸುವುದನ್ನು ಕಲಿಸಿದೆ. ಆರು ತಿಂಗಳು ಅದೊಂದೇ: ನಾನು ಹಚ್ಚುವುದು, ಅವನು ಆರಿಸುವುದು, ರಾತ್ರಿ ರೆಗ್ಯುಲೇಟರ್ ಮುಚ್ಚುವುದೂ ಅವನೇ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಯಾವುದೂ ಮುಟ್ಟದೆ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಫೋನು ಅಂತ ಬಾಯಿಪಾಠ ಮಾಡಿಸಿದ್ದೇನೆ. ಮೂರು ಕಿಡಿಗೆ ಹತ್ತದಿದ್ದರೆ ನಾಬ್ ಮುಚ್ಚಿ ದೂರ ನಿಲ್ಲಬೇಕು. ಕರಿಯುವ ಎಣ್ಣೆಗೆ ಮಾತ್ರ ಅವನನ್ನು ಇನ್ನೂ ಸೇರಿಸಿಲ್ಲ; ಬಜ್ಜಿ ಮೆಣಸಿನಕಾಯಿ ಒರೆಸಿ ಕೊಡುತ್ತಾನೆ, ಒಂದು ಹನಿ ನೀರಿದ್ದರೂ ಎಣ್ಣೆ ಸಿಡಿಯುತ್ತದೆ ಅಂತ ಅವನೇ ನನಗೆ ಹೇಳುತ್ತಾನೆ.

"ಗಂಡು ಹುಡುಗನಿಗೆ ಯಾಕೆ" ಅಂತ ಅತ್ತೆ ಅನ್ನುತ್ತಾರೆ ಅಂತಲೂ ಬರೆದಿದ್ದೀರಿ. ಒಂದು ಸಲ ದಾವಣಗೆರೆಗೆ ಕರೆದುಕೊಂಡು ಬನ್ನಿ, ಬೆಣ್ಣೆದೋಸೆ ಹೋಟೆಲುಗಳಲ್ಲಿ ಕಾವಲಿ ಮುಂದೆ ಯಾರು ನಿಂತಿರುತ್ತಾರೆ ನೋಡಲಿ.

ನಮ್ಮ ಮನೆಯ ಲೈಟರ್ ಈಗ ಒಲೆ ಪಕ್ಕದ ಮೊಳೆಗೆ ನೇತಾಡುತ್ತದೆ, ಮಗನ ಭುಜದೆತ್ತರಕ್ಕೆ. ನಿಮ್ಮದನ್ನೂ ಇವತ್ತೇ ಕೆಳಗಿಳಿಸಿ. ಸಂಜೆ ಹಾಲು ಕಾಯಿಸುವಾಗ ನಿಮ್ಮ ಮಗನನ್ನು ಕರೆದು, ಅಲ್ಲಾಡದ ಮಣೆ ಮೇಲೆ ನಿಲ್ಲಿಸಿ, ಹಿಂದೆ ನೀವು ನಿಲ್ಲಿ. ಹಾಲು ಅಂಚಿಗೆ ಬಂದಾಗ ನಾಬ್ ಅವನ ಕೈಯಲ್ಲಿರಲಿ.