ಶೇಂಗಾ ಕುಡಿ ಸಾಯಿಸುವ ವೈರಸ್‌ನ ಪ್ರೋಟೀನ್‌ಗಳು ಜೀವಕೋಶದೊಳಗೆ ಎಲ್ಲಿ ನೆಲೆಸುತ್ತವೆ?

ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಕುಡಿ ಕಪ್ಪಾಗಿ ಒಣಗಿದ ಗಿಡ ಕಂಡು ನೀವು ಈ ಪ್ರಶ್ನೆ ಕೇಳಿದ್ದೀರಿ. ಈ ರೋಗದ ವೈರಸ್ ಟಾಸ್ಪೊವೈರಸ್ ಗುಂಪಿನದು. ಥ್ರಿಪ್ಸ್ ಕೀಟ ಅದನ್ನು ಹರಡುತ್ತದೆ.

ತಳಿ ಮಾಹಿತಿ ಹೊತ್ತ ಆರ್‌ಎನ್‌ಎ ಎಂಬ ಅಣುವಿನ ಮೂರು ತುಂಡುಗಳೇ ಇದರ ಇಡೀ ಬಂಡವಾಳ. ಹುಟ್ಟುವ ಪ್ರೋಟೀನ್‌ಗಳು ಬೆರಳೆಣಿಕೆಯಷ್ಟು. ಹಾಗಾಗಿ ಯಾವುದು ಎಲ್ಲಿರುತ್ತದೆ, ಯಾವುದರ ಜೊತೆ ಸೇರುತ್ತದೆ ಎಂಬುದು ಬಹಳ ಮುಖ್ಯ. ಎನ್ ಪ್ರೋಟೀನ್ ಕೋಶರಸದಲ್ಲಿ ಆರ್‌ಎನ್‌ಎಯನ್ನು ಸುತ್ತಿಕೊಳ್ಳುತ್ತದೆ. ನನಗೆ ಅತ್ಯಂತ ಬೆರಗು ಹುಟ್ಟಿಸುವುದು ಎನ್‌ಎಸ್‌ಎಂ ಎಂಬ ಇನ್ನೊಂದು ಪ್ರೋಟೀನ್. ಸಸ್ಯದ ಜೀವಕೋಶಗಳ ನಡುವೆ ಗಟ್ಟಿ ಗೋಡೆಯಿದೆ. ಅದರಲ್ಲಿ ಪ್ಲಾಸ್ಮೋಡೆಸ್ಮಾಟಾ ಎಂಬ ಅತಿ ಸಣ್ಣ ಕಂಡಿಗಳಿವೆ. ವೈರಸ್ ಸರಾಗವಾಗಿ ದಾಟಲಾಗದಷ್ಟು ಅವು ಕಿರಿದು. ಎನ್‌ಎಸ್‌ಎಂ ಅಲ್ಲಿಗೇ ಹೋಗಿ ಕೊಳವೆಯಾಗಿ ಜೋಡಣೆಗೊಂಡು ಕಂಡಿಯನ್ನು ಹಿಗ್ಗಿಸುತ್ತದೆ. ಎನ್ ಪ್ರೋಟೀನ್ ಜೊತೆಗೂ ಅದು ಬೆಸೆದುಕೊಳ್ಳುವುದರಿಂದ, ಸುತ್ತಿಟ್ಟ ಆರ್‌ಎನ್‌ಎ ಪಕ್ಕದ ಕೋಶಕ್ಕೆ ದಾಟುತ್ತದೆ. ಇತ್ತ ಎನ್‌ಎಸ್‌ಎಸ್ ಎಂಬ ಮತ್ತೊಂದು ಪ್ರೋಟೀನ್, ವೈರಸ್‌ನ ಆರ್‌ಎನ್‌ಎಯನ್ನು ಕತ್ತರಿಸಿಹಾಕುವ ಗಿಡದ ರಕ್ಷಣಾ ವ್ಯವಸ್ಥೆಯಾದ ಆರ್‌ಎನ್‌ಎ ಸೈಲೆನ್ಸಿಂಗ್ ಅನ್ನು ತಡೆಯುತ್ತದೆ.

ಇದನ್ನೆಲ್ಲ ನೋಡುವುದು ಹೇಗೆ? ಪ್ರೋಟೀನ್‌ಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನನ್ನು ಅಂಟಿಸಿ, ತಂಬಾಕಿನ ಜಾತಿಯ ಒಂದು ಗಿಡದ ಎಲೆಯಲ್ಲಿ ತಯಾರಾಗುವಂತೆ ಮಾಡಿ, ಲೇಸರ್ ಬೆಳಕು ಬಳಸುವ ಕಾನ್ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡು ಪ್ರೋಟೀನ್‌ಗಳ ನಂಟು ತಿಳಿಯಲು ಹೊಳೆಯುವ ಪ್ರೋಟೀನನ್ನೇ ಎರಡು ಹೋಳು ಮಾಡಿ, ಒಂದೊಂದಕ್ಕೆ ಒಂದೊಂದು ಹೋಳು ಅಂಟಿಸುತ್ತಾರೆ. ಅವೆರಡೂ ಹತ್ತಿರ ಬಂದಾಗ ಮಾತ್ರ ಹೋಳುಗಳು ಕೂಡಿ ಬೆಳಕು ಕಾಣುತ್ತದೆ. ಆದರೆ ಒಂದು ಎಚ್ಚರ: ಅಂಟಿಸಿದ ಭಾಗವೇ ಕೆಲವೊಮ್ಮೆ ಪ್ರೋಟೀನಿನ ಜಾಗ ತಪ್ಪಿಸುತ್ತದೆ. ಆದ್ದರಿಂದ ಬೇರೊಂದು ವಿಧಾನದಲ್ಲೂ ಪರೀಕ್ಷಿಸದೆ ಫಲಿತಾಂಶವನ್ನು ನಂಬಬಾರದು.